ಕಲಿತ ಶಾಲೆಗೆ ಮರಳಿ ಬಂದ ಹಣ

ಗೋಕಾಕ ಎಂದೊಡನೆ ಹೆಚ್ಚಿನವರಿಗೆ ಜಲಪಾತ ನೆನಪಾಗುತ್ತದೆ, ಕರದಂಟು ನೆನಪಾಗುತ್ತದೆ. ಕನ್ನಡ ಚಳವಳಿಯ ಇತಿಹಾಸ ಬಲ್ಲವರಿಗೆ 1982ರ ಗೋಕಾಕ ಚಳವಳಿ ನೆನಪಾಗಬಹುದು. ಆದರೆ ಆ ಚಳವಳಿಗೆ ಹೆಸರು ಬಂದದ್ದು ವರದಿ ಕೊಟ್ಟ ವಿ.ಕೃ. ಗೋಕಾಕರಿಂದ, ಅವರು ಹುಟ್ಟಿದ್ದು ಸವಣೂರಿನಲ್ಲಿ. ಊರಿಗೂ ಚಳವಳಿಗೂ ಹೆಸರಿನ ನಂಟು ಮಾತ್ರ. ಇಂದು ನಾವು ಮಾತನಾಡಬೇಕಾದದ್ದು ಈ ಊರಿನ, ಅದರ ನೆರೆಯ ಹುಕ್ಕೇರಿಯ, ಇತ್ತೀಚೆಗಷ್ಟೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಇನ್ನೊಂದು ಸಂಗತಿಯನ್ನು. ಇಲ್ಲಿಯ ಹುಡುಗರು ಓದಿದ್ದು ಯಾರ ಹಣದಿಂದ, ಓದಿ ದೊಡ್ಡವರಾದ ಮೇಲೆ ಆ ಹಣ ಎತ್ತ ಹೋಯಿತು ಎಂಬುದೇ ಆ ಸಂಗತಿ.

ಹುಕ್ಕೇರಿ ತಾಲೂಕಿನ ಘೋಡಗೇರಿ ಎಂಬ ಹಳ್ಳಿಯಲ್ಲಿ 1937ರ ಜನವರಿ 2ರಂದು ಕಮ್ಮಾರಿಕೆಯ ಮನೆಯೊಂದರಲ್ಲಿ ಒಂದು ಗಂಡುಮಗು ಹುಟ್ಟಿತು. ಪ್ರಾಥಮಿಕ ಶಾಲೆ ಮುಗಿಸಿದ ಹುಡುಗ ಹೈಸ್ಕೂಲಿಗಾಗಿ ಗೋಕಾಕಕ್ಕೆ ಬಂದ. ಕೆಲಕಾಲದಲ್ಲೇ ಬಡತನ ಅವನನ್ನು ಶಾಲೆ ಬಿಡಿಸಿತು. ಮನೆಯಲ್ಲಿ ತಿದಿ ಒತ್ತುವುದಕ್ಕೆ ಇನ್ನೆರಡು ಕೈ ಬೇಕಾಗಿದ್ದವು. ಆಗ ಅವನ ನೆರವಿಗೆ ಬಂದವರು ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು. ಹುಡುಗನ ಓದಿನ ಪೂರ್ತಿ ಖರ್ಚನ್ನು ಅವರು ವಹಿಸಿಕೊಂಡರು. ಆ ಹುಡುಗನೇ ಚಂದ್ರಶೇಖರ ಕಂಬಾರ. ಬೆಳಗಾವಿಯಲ್ಲಿ ಕಾಲೇಜು ಓದಿ, 1962ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಎಂ.ಎ. ಪಡೆದು, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಅವರ ಕೃತಿಗಳ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆಯಾಗಿದೆ. ಅವರ ಹೈಸ್ಕೂಲಿನ ಫೀ ಕಟ್ಟಿದ್ದು ಯಾರು ಎಂಬ ಚರ್ಚೆ ಮಾತ್ರ ಕಡಿಮೆ.

ಇಂದು ಪ್ರತಿ ಕಾಲೇಜಿನಲ್ಲೂ ಹಳೆಯ ವಿದ್ಯಾರ್ಥಿಗಳ ಸಂಘ ಇದೆ. ವರ್ಷಕ್ಕೊಮ್ಮೆ ಸ್ನೇಹ ಸಮ್ಮೇಳನ, ಗುರುವಂದನೆ, ಶಾಲು-ಹಾರ, ಹೋಳಿಗೆ ಊಟ, ಕೊನೆಗೊಂದು ಗುಂಪು ಫೋಟೋ. ಇದೆಲ್ಲ ಹೊಸಕಾಲದ ಪದ್ಧತಿ, ಅಮೆರಿಕದಿಂದ ಬಂದದ್ದು ಎಂದು ಹೇಳುವವರಿದ್ದಾರೆ. ಹೆಸರೇನೋ ಅಲ್ಲಿಂದ ಬಂದಿರಬಹುದು. ಆದರೆ ಓದಿದವರು ಓದುವವರಿಗಾಗಿ ಹಣ ಕೂಡಿಸುವ ಕೆಲಸ ಈ ಸೀಮೆಯಲ್ಲಿ ನೂರನಲವತ್ತು ವರ್ಷಗಳಷ್ಟು ಹಳೆಯದು. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ 1917ರವರೆಗೆ ಒಂದೂ ಕಾಲೇಜು ಇರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳಲ್ಲಿ ಮ್ಯಾಟ್ರಿಕ್ ಮುಗಿಸಿದ ಹುಡುಗ ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಿತ್ತು. ರೈಲು ಬಂದ ಮೇಲೆ ಘಟಪ್ರಭಾ ನಿಲ್ದಾಣದಲ್ಲಿ ಹತ್ತಿದವ ಪುಣೆಯಲ್ಲಿ ಇಳಿಯಬಹುದಾಗಿತ್ತು, ನಿಜ. ಆದರೆ ಇಳಿದ ಮೇಲೆ? ಬಾಡಿಗೆ ಕೋಣೆ, ಖಾನಾವಳಿಯ ಊಟ, ಮರಾಠಿ ಮಾತು, ಇಂಗ್ಲಿಷ್ ಪಾಠ. ಒಕ್ಕಲುತನದ ಮನೆಯ ಹುಡುಗನಿಗೆ ಇವೆಲ್ಲ ಒಟ್ಟಿಗೆ ಎದುರಾಗುತ್ತಿದ್ದವು. ಬುದ್ಧಿಗೆ ಕೊರತೆಯಿರಲಿಲ್ಲ, ತಿಂಗಳ ಖರ್ಚಿಗೆ ಕೊರತೆಯಿತ್ತು.

ಈ ಕೊರತೆಯನ್ನು ಮೊದಲು ಕಂಡವರು ಸ್ವತಃ ಓದಿ ಸರಕಾರಿ ನೌಕರಿಗೆ ಸೇರಿದ ಕೆಲವರು. ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರು ಸೇರಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಸಂಸ್ಥೆ ಎಂದರೆ ಆಗ ಕಟ್ಟಡವಲ್ಲ, ಒಂದು ನಿಧಿ. ವ್ಯಾಪಾರಿಗಳಿಂದ, ವತನದಾರರಿಂದ, ನೌಕರರಿಂದ ವರ್ಗಣಿ ಎತ್ತಿ, ಬಂದ ಹಣವನ್ನು ಗಂಟಾಗಿ ಇಟ್ಟು, ಅದರಿಂದ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವುದು. ಗಮನಿಸಿ, ಅವರು ಮೊದಲು ಮಾಡಿದ್ದು ಶಾಲೆ ಕಟ್ಟುವ ಕೆಲಸವಲ್ಲ. ಇದ್ದ ಶಾಲೆಗೆ ಹುಡುಗನನ್ನು ಕಳಿಸುವ ಕೆಲಸ. ಕಟ್ಟಡಕ್ಕೆ ಹಣ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ; ಹುಡುಗನಿಗೆ ಕೊಟ್ಟರೆ ಅದು ಅವನ ಊಟದಲ್ಲಿ ಕರಗಿಹೋಗುತ್ತದೆ. ಕಾಣದ ಕಡೆಗೆ ಮೊದಲು ಹಣ ಹಾಕಿದ ಆ ಹಿರಿಯರ ವಿವೇಕವನ್ನು ಮೆಚ್ಚಲೇಬೇಕು.

ಮುಂದೆ ಇದೇ ರುದ್ರಗೌಡರು ರೊದ್ದ ಶ್ರೀನಿವಾಸರಾಯರೊಡನೆ ಊರೂರು ತಿರುಗಿ ಸಾರ್ವಜನಿಕರಿಂದ ಹಣ ಕೂಡಿಸಿದ್ದರಿಂದಲೇ 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಯಿತು. ಒಬ್ಬರು ಲಿಂಗಾಯತರು, ಒಬ್ಬರು ಬ್ರಾಹ್ಮಣರು; ಆ ಕಾಲದ ಧಾರವಾಡದಲ್ಲಿ ಎರಡು ಪಂಗಡಗಳ ನಡುವೆ ಸಣ್ಣಪುಟ್ಟ ಜಗಳಗಳೇನೂ ಕಡಿಮೆಯಿರಲಿಲ್ಲ. ಆದರೂ ವರ್ಗಣಿಯ ಪಟ್ಟಿ ಹಿಡಿದಾಗ ಇಬ್ಬರೂ ಒಂದೇ ಕಡೆ ನಿಂತರು.

ಇನ್ನು ಸಿರಸಂಗಿಯ ಲಿಂಗರಾಜರ ಸಂಗತಿ. 1861ರಲ್ಲಿ ಹುಟ್ಟಿದ ಲಿಂಗರಾಜ ಜಾಯಪ್ಪ ದೇಸಾಯಿ ನವಲಗುಂದ-ಸಿರಸಂಗಿ ಸಂಸ್ಥಾನದ ಒಡೆಯರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ಬರೆದಿಟ್ಟ ಮೃತ್ಯುಪತ್ರದಂತೆ ಅವರ ಆಸ್ತಿ ವಿದ್ಯಾರ್ಥಿಗಳ ಓದಿಗೆ ಮೀಸಲಾಯಿತು. ಆ ಟ್ರಸ್ಟಿನ ವಿದ್ಯಾರ್ಥಿವೇತನ ಉತ್ತರ ಕರ್ನಾಟಕದ ಹಲವು ತಲೆಮಾರುಗಳಿಗೆ ಮುಟ್ಟಿದೆ. ಹಣ ಕೂಡಿಸುವವರ ಭಾಷೆಯಲ್ಲಿ ಹೇಳುವುದಾದರೆ, ವರ್ಗಣಿ ಮಳೆಯ ನೀರಿನಂತೆ, ಬಂದ ವರ್ಷ ಬಂತು. ಆಸ್ತಿಯ ಉತ್ಪನ್ನ ಬಾವಿಯ ನೀರಿನಂತೆ, ತೋಡಿದಷ್ಟೂ ಬರುವಂಥದ್ದು. ಎರಡೂ ಬೇಕು. ಎರಡರ ಲೆಕ್ಕವನ್ನೂ ಬೇರೆಬೇರೆ ಇಡಬೇಕು.

ಈಗ ನಮ್ಮ ಕತೆಯ ಮುಖ್ಯ ಭಾಗಕ್ಕೆ ಬರೋಣ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಒಂದು ಆಂಗ್ಲೋ-ವರ್ನ್ಯಾಕ್ಯುಲರ್ ಶಾಲೆ ತೆರೆದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟಿಮನಿ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ ಮತ್ತು ಸರದಾರ ವೀರನಗೌಡ ಪಾಟೀಲ. ಜನ ಇವರನ್ನು ಸಪ್ತರ್ಷಿಗಳೆಂದು ಕರೆದರು. ಇವರು ಕಟ್ಟಿದ ಸಂಸ್ಥೆಯೇ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ, ಈಗ ಎಲ್ಲರ ಬಾಯಲ್ಲಿ ಕೆ.ಎಲ್.ಇ.

ಇವರ ಎದುರಿಗಿದ್ದ ಮಾದರಿ ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ. ಟಿಳಕ, ಆಗರ್ಕರ್ ಮೊದಲಾದವರು 1884ರಲ್ಲಿ ಸ್ಥಾಪಿಸಿದ ಆ ಸಂಸ್ಥೆ ಮರುವರ್ಷವೇ ಫರ್ಗ್ಯುಸನ್ ಕಾಲೇಜು ತೆರೆಯಿತು. ಅಲ್ಲಿ 'ಆಜೀವ ಸದಸ್ಯ' ಎಂಬ ಪದ್ಧತಿ. ಪದವಿ ಪಡೆದ ಬುದ್ಧಿವಂತ ತರುಣ, ಸರಕಾರಿ ನೌಕರಿಯ ದೊಡ್ಡ ಸಂಬಳ ಬಿಟ್ಟು, ಬದುಕಿಗೆ ಸಾಲುವಷ್ಟು ಮಾತ್ರ ತೆಗೆದುಕೊಂಡು ತನ್ನ ಉಳಿದ ದುಡಿಮೆಯನ್ನು ಶಾಲೆಗೆ ಕೊಡಬೇಕು. ಲೆಕ್ಕ ಹಾಕಿದರೆ ಇದೂ ಒಂದು ದೇಣಿಗೆಯೇ. ಬರಬಹುದಾಗಿದ್ದ ಸಂಬಳದಿಂದ ತೆಗೆದುಕೊಂಡ ಸಂಬಳವನ್ನು ಕಳೆದರೆ ಉಳಿಯುವುದು ಆ ಮನುಷ್ಯ ಸಂಸ್ಥೆಗೆ ಪ್ರತಿ ತಿಂಗಳು ಕೊಟ್ಟ ವರ್ಗಣಿ. ಬಸವನಾಳರು, ಸಾಖರೆಯವರು ಇಂಥ ವರ್ಗಣಿ ಕೊಟ್ಟವರು. ಬಸವನಾಳರು ಶಾಲೆ ನಡೆಸುತ್ತಲೇ ವಚನಗಳ ಸಂಪಾದನೆ ಮಾಡಿದರು, 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಮಾಸ್ತರರೇ ಮೊದಲು ಕೊಟ್ಟರೆ ಉಳಿದವರು ಕೈ ಹಿಂದೆ ಎಳೆಯುವುದು ಕಷ್ಟ. ದೇಣಿಗೆ ಕೇಳಲು ಮನೆ ಬಾಗಿಲಿಗೆ ಬಂದವ ತಾನೇ ಏನು ಕೊಟ್ಟಿದ್ದಾನೆ ಎಂಬುದನ್ನು ನಮ್ಮ ಹಳ್ಳಿಯ ಗೌಡ ಕೇಳದೆಯೇ ಅಳೆಯುತ್ತಾನೆ. ಸಪ್ತರ್ಷಿಗಳಿಗೆ ಹಣ ಬಂದದ್ದರ ಗುಟ್ಟು ಇಲ್ಲಿದೆ ಎಂದು ನನ್ನ ಎಣಿಕೆ. ಕರಪತ್ರದ ಸೊಗಸಿನಿಂದ ಬಂದದ್ದಲ್ಲ.

ಶಾಲೆಗೆ ಅವರು ಇಟ್ಟ ಹೆಸರನ್ನೂ ನೋಡಬೇಕು. ತಮ್ಮ ಹೆಸರಿಟ್ಟುಕೊಳ್ಳಲಿಲ್ಲ. 1883ರ ನಿಧಿ ಕಟ್ಟಿದ ಹಿರಿಯರಿಬ್ಬರ ನೆನಪಿಗೆ ಅದು ಗಿಲಗಂಚಿ-ಅರಟಾಳ ಹೈಸ್ಕೂಲು ಆಯಿತು. ಜಿ.ಎ. ಹೈಸ್ಕೂಲು ಎಂದರೆ ಇಂದಿಗೂ ಬೆಳಗಾವಿಯಲ್ಲಿ ಆಟೋದವರು ಕರೆದೊಯ್ಯುತ್ತಾರೆ. ಆ ಎರಡು ಅಕ್ಷರಗಳ ಹಿಂದಿನ ಮನುಷ್ಯರು ಯಾರೆಂದು ಕೇಳಿದರೆ ಅಲ್ಲಿ ಓದಿದವರೂ ತಡವರಿಸುತ್ತಾರೆ. 1933ರಲ್ಲಿ ಸಂಸ್ಥೆ ತೆರೆದ ಮೊದಲ ಕಾಲೇಜಿಗೆ ಸಿರಸಂಗಿ ಲಿಂಗರಾಜರ ಹೆಸರು ಬಂತು. 1939ರಲ್ಲಿ ಕಾನೂನು ಕಾಲೇಜು ಬಂದಾಗ ಅದಕ್ಕೆ ರಾಜಾ ಲಖಮಗೌಡರ ಹೆಸರು.

ಈ ಲಖಮಗೌಡರು ಹುಕ್ಕೇರಿ ಸೀಮೆಯ ವಂಟಮುರಿಯ ಸರದೇಸಾಯಿಗಳು. ಬೆಳಗಾವಿಯ ಆರ್.ಎಲ್. ಲಾ ಕಾಲೇಜು, ಆರ್.ಎಲ್. ಸೈನ್ಸ್ ಇನ್‌ಸ್ಟಿಟ್ಯೂಟ್ ಎರಡರ 'ಆರ್.ಎಲ್.' ಅವರದೇ. ಘಟಪ್ರಭೆಗೆ ಹಿಡಕಲ್‌ನಲ್ಲಿ ಕಟ್ಟಿದ, 51 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯಕ್ಕೂ ಅವರದೇ ಹೆಸರು. ಒಂದು ವಿಚಿತ್ರ ನೋಡಿ: ಹುಕ್ಕೇರಿಯ ದೇಸಗತಿಯ ಹೆಸರು ಹೊತ್ತ ಕಾಲೇಜು ಬೆಳಗಾವಿಯಲ್ಲಿ ಎದ್ದಿತು, ಹುಕ್ಕೇರಿಯ ಹುಡುಗ ಅಲ್ಲಿಗೆ ಹೋಗಿ ಓದಬೇಕಾಯಿತು. ಇದು ಆಕ್ಷೇಪವಲ್ಲ. ಆಗ ಜಿಲ್ಲೆಗೆ ಒಂದು ಕಾಲೇಜು ನಿಲ್ಲಿಸುವುದೇ ದೊಡ್ಡ ಮಾತಾಗಿತ್ತು. ಆದರೆ ತಾಲೂಕಿನಿಂದ ಹೋದ ಹಣ ತಾಲೂಕಿಗೆ ಮರಳಲು ಎಷ್ಟೋ ವರ್ಷ ಬೇಕಾಯಿತು ಎಂಬುದು ಲೆಕ್ಕದಲ್ಲಿರಲಿ.

ದೊಡ್ಡವರ ಹೆಸರು ಹೇಳುತ್ತ ಹೋದರೆ ಚಿಕ್ಕ ದೇಣಿಗೆ ಮರೆತುಹೋಗುತ್ತದೆ. ನಮ್ಮ ಗಡಿಯಾಚೆ ಸಾತಾರೆಯಲ್ಲಿ ಕರ್ಮವೀರ ಭಾವುರಾವ ಪಾಟೀಲರು ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು 1919ರಲ್ಲಿ. ಅವರ ಬೋರ್ಡಿಂಗಿನ ಹುಡುಗರಿಗಾಗಿ ಮನೆಮನೆಯಿಂದ ಹಿಡಿಕಾಳು ಬರುತ್ತಿತ್ತು. ಹುಡುಗರ ಊಟಕ್ಕೆ ಕಡಿಮೆಬಿದ್ದಾಗ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು ಬಿಚ್ಚಿಕೊಟ್ಟರು. ನಮ್ಮ ಕಡೆ ಈ ಕೆಲಸವನ್ನು ಮಠಗಳ ಪ್ರಸಾದ ನಿಲಯಗಳು ಮಾಡಿದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಹಳ್ಳಿಯ ಹುಡುಗರಿಗೆ ಅನ್ನ-ಆಸರೆ ಕೊಟ್ಟರು. ಸುಗ್ಗಿಯ ಕಾಲದಲ್ಲಿ ಹಳ್ಳಿಗಳಿಂದ ಜೋಳದ ಚೀಲಗಳು ಬಂಡಿಯಲ್ಲಿ ಬಂದವು. ಆ ಜೋಳದ ರೊಟ್ಟಿ ತಿಂದವರು ಮುಂದೆ ವಕೀಲರಾದರು, ಡಾಕ್ಟರಾದರು, ಮಂತ್ರಿಗಳಾದರು. ಅವರಲ್ಲಿ ಹಲವರು ತಮ್ಮ ಆತ್ಮಕಥೆಗಳಲ್ಲಿ ಮಠವನ್ನು ನೆನೆದಿದ್ದಾರೆ. ಜೋಳ ಕಳಿಸಿದ ರೈತನ ಹೆಸರು ಯಾವ ಆತ್ಮಕಥೆಯಲ್ಲೂ ಇಲ್ಲ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಈ ನಿಧಿಗಳು, ಬೋರ್ಡಿಂಗುಗಳು ಹೆಚ್ಚಾಗಿ ಜಾತಿಯ ಗೆರೆಯೊಳಗೇ ಬೆಳೆದವು. ಲಿಂಗಾಯತರಿಗೆ ಒಂದು, ಮರಾಠರಿಗೆ ಒಂದು, ಜೈನರಿಗೆ ಒಂದು, ಬ್ರಾಹ್ಮಣರಿಗೆ ಒಂದು. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಬೇರೆಬೇರೆ ಜಾತಿಗಳಿಗೆ ವಿದ್ಯಾರ್ಥಿನಿಲಯ ತೆರೆಸಿದ್ದು ಈ ವಾಸ್ತವವನ್ನು ಒಪ್ಪಿಯೇ. ಇದರಿಂದ ಲಾಭವೂ ಆಯಿತು, ತನ್ನವರು ಎಂಬ ಅಭಿಮಾನಕ್ಕೆ ಕೈ ಬಿಚ್ಚುವವರು ಬೇಗ ಸಿಕ್ಕರು. ಆದರೆ ಹಣವಂತರೇ ಇಲ್ಲದ ಜಾತಿಯ ಹುಡುಗ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯೇ ಡಾ. ಅಂಬೇಡ್ಕರರನ್ನು 1920ರ ದಶಕದ ಕೊನೆಯಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಸತಿನಿಲಯ ತೆರೆಯುವಂತೆ ಮಾಡಿತು. ಸಪ್ತರ್ಷಿಗಳಲ್ಲೇ ಒಬ್ಬರಾದ ಸರದಾರ ವೀರನಗೌಡ ಪಾಟೀಲರು ಮುಂದೆ ಪತ್ನಿ ನಾಗಮ್ಮನವರೊಡನೆ ಹುಬ್ಬಳ್ಳಿಯಲ್ಲಿ ಹರಿಜನ ಬಾಲಿಕೆಯರ ಆಶ್ರಮ ನಡೆಸಿದರು. ಜಾತಿಯ ನಿಧಿಯಿಂದ ಹೊರಟ ಒಬ್ಬ ಮನುಷ್ಯ ಆ ಗೆರೆ ದಾಟಿ, ಅದೂ ಹೆಣ್ಣುಮಕ್ಕಳ ಕಡೆಗೆ, ಹೋದದ್ದು ಸಣ್ಣ ಸಂಗತಿಯಲ್ಲ. ಏಕೆಂದರೆ ಆ ಮೊದಲ ನಿಧಿಗಳ ಕಾಲದಲ್ಲಿ ವಿದ್ಯಾರ್ಥಿ ಎಂದರೆ ಗಂಡುಹುಡುಗನೇ.

ಗೋಕಾಕ ತಾಲೂಕಿಗೆ ಮರಳೋಣ. ಇದೇ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದವರು ದಾದಪ್ಪ ಚಿಂತಪ್ಪ ಪಾವಟೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತದ ರ‍್ಯಾಂಗ್ಲರ್ ಆದರು. ಬನಾರಸದಲ್ಲಿ ಪ್ರಾಧ್ಯಾಪಕರಾಗಿ, ಮುಂಬಯಿ ಪ್ರಾಂತದ ಶಿಕ್ಷಣ ಖಾತೆಯ ಮುಖ್ಯಸ್ಥರಾಗಿ ದುಡಿದು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಬಳಿಕ ಪಂಜಾಬಿನ ರಾಜ್ಯಪಾಲರಾದರು. ತಾನು ಓದಿದ ಊರಿಗೆ ಮರಳಿ ಬಂದು ಹದಿಮೂರು ವರ್ಷ ವಿಶ್ವವಿದ್ಯಾಲಯ ಕಟ್ಟಿದ ಹಳೆಯ ವಿದ್ಯಾರ್ಥಿ ಎಂದರೆ ಪಾವಟೆಯವರೇ. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಆವರಣ ಅವರ ಕಾಲದ್ದು. ಅವರು ಕುಲಪತಿಯಾಗಿದ್ದಾಗಲೇ, 1962ರಲ್ಲಿ, ಘೋಡಗೇರಿಯ ಕಂಬಾರರು ಅಲ್ಲಿಂದ ಎಂ.ಎ. ಪದವಿ ಪಡೆದರು. ಗೋಕಾಕ ತಾಲೂಕಿನವರೊಬ್ಬರು ಪದವಿ ಕೊಡುವ ಕುರ್ಚಿಯಲ್ಲಿ, ಹುಕ್ಕೇರಿ ತಾಲೂಕಿನವರೊಬ್ಬರು ಪಡೆಯುವ ಸಾಲಿನಲ್ಲಿ. ಇಬ್ಬರೂ ಘಟಪ್ರಭೆಯ ಸೀಮೆಯವರು.

ಪಾವಟೆಯವರ ನಂತರ ಅವರ ಹೆಸರಿನಲ್ಲಿ ಪ್ರತಿಷ್ಠಾನವೊಂದು ರೂಪುಗೊಂಡು, ಇಲ್ಲಿಯ ಅಧ್ಯಾಪಕರನ್ನು, ಸಂಶೋಧಕರನ್ನು ಕೆಲಕಾಲ ಕೇಂಬ್ರಿಜ್‌ಗೆ ಕಳಿಸುವ ಫೆಲೋಶಿಪ್ ನಡೆಸಿತು. ಒಬ್ಬ ವಿದ್ಯಾರ್ಥಿ ಓದಿದ ಎರಡು ಸಂಸ್ಥೆಗಳು, ಒಂದು ಧಾರವಾಡದ್ದು ಇನ್ನೊಂದು ಇಂಗ್ಲೆಂಡಿನದು, ಅವನ ಹೆಸರಿನ ಮೂಲಕ ಪರಸ್ಪರ ಪರಿಚಯವಾದದ್ದು ಹಳೆಯ ವಿದ್ಯಾರ್ಥಿಗಳ ಚರಿತ್ರೆಯಲ್ಲಿ ನೆನಪಿಡುವ ಮಾತು. ಹಣವನ್ನಷ್ಟೇ ಅಲ್ಲ, ದಾರಿಯನ್ನೂ ಹಿಂದಕ್ಕೆ ಕಳಿಸಬಹುದು.

ಹೊರದೇಶದ ಮಾತು ಬಂದದ್ದರಿಂದ ಅಮೆರಿಕದ ಸುದ್ದಿಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಲ್ಲಿಯ ವಿಲಿಯಮ್ಸ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳು 1821ರಲ್ಲಿ, ಕಾಲೇಜು ಮುಚ್ಚಿಹೋಗುವ ಭಯ ಹುಟ್ಟಿದಾಗ, ಸಂಘ ಕಟ್ಟಿಕೊಂಡರು. ಯೇಲ್ ವಿಶ್ವವಿದ್ಯಾಲಯದವರು 1890ರಲ್ಲಿ ವಾರ್ಷಿಕ ನಿಧಿ ಆರಂಭಿಸಿದರು. ಒಮ್ಮೆ ದೊಡ್ಡದಾಗಿ ಕೊಡಿ ಎನ್ನುವ ಬದಲು ಪ್ರತಿ ವರ್ಷ ಕೈಲಾದಷ್ಟು ಕೊಡಿ ಎಂದು ಕೇಳುವ ಪದ್ಧತಿ ಅದು. ಯೇಲ್ ಎಂಬ ಹೆಸರೂ ಒಂದು ದೇಣಿಗೆಯಿಂದ ಬಂದದ್ದು. ಮದರಾಸಿನ ಕೋಟೆಯಲ್ಲಿ ಗವರ್ನರಾಗಿದ್ದ ಎಲಿಹು ಯೇಲ್ 1718ರಲ್ಲಿ ಕಳಿಸಿದ ಒಂಬತ್ತು ಗಂಟು ಸರಕು ಮಾರಿ ಬಂದ ಐನೂರು ಚಿಲ್ಲರೆ ಪೌಂಡಿಗೆ ಆ ಕಾಲೇಜು ತನ್ನ ಹೆಸರನ್ನೇ ಬದಲಿಸಿಕೊಂಡಿತು. ಮದರಾಸಿನ ವ್ಯಾಪಾರದಲ್ಲಿ ಗಳಿಸಿದ ಹಣದ ಒಂದು ಪಾಲು ಅಮೆರಿಕದ ಕಾಲೇಜಿಗೆ ಬುನಾದಿಯಾಯಿತು ಎಂದರೆ ನಮ್ಮವರಿಗೆ ನಗು ಬರಬೇಕೋ ಸಿಟ್ಟು ಬರಬೇಕೋ!

ಸ್ವಾತಂತ್ರ್ಯಾನಂತರ ತಾಲೂಕು ಊರುಗಳಿಗೂ ಕಾಲೇಜು ಬಂದವು. ಗೋಕಾಕ, ಸಂಕೇಶ್ವರ, ಹುಕ್ಕೇರಿ, ಮೂಡಲಗಿ ಎಲ್ಲ ಕಡೆ ಸ್ಥಳೀಯ ಶಿಕ್ಷಣ ಸಂಸ್ಥೆಗಳು ಹುಟ್ಟಿದವು. ಇವುಗಳ ಹಿಂದೆ ಕೆಲಸ ಮಾಡಿದ್ದು ಸಹಕಾರದ ಪಾಠ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ ನಾಡು ಇದು. ಶೇರು ಎಂದರೇನು, ಸರ್ವಸಾಧಾರಣ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವುದೆಂದರೇನು ಎಂಬುದು ಇಲ್ಲಿಯ ರೈತನಿಗೆ ಗೊತ್ತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಸ್ಥಾಪನೆಯಾಗಿ, ಊರವರೇ ಸದಸ್ಯರಾಗಿ ಮನೆಮನೆಗೆ ಕರೆಂಟು ಕೊಟ್ಟರು. ದೇಶದಲ್ಲೇ ಇಂಥವು ಬೆರಳೆಣಿಕೆಯಷ್ಟು. ನಿಡಸೋಸಿಯಲ್ಲಿ 1996ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲೇ 'ಹಿರಾಶುಗರ್' ಇದೆ, ಅಂದರೆ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ. ಕಬ್ಬಿಗೂ ಕಾಲೇಜಿಗೂ ಇರುವ ನಂಟನ್ನು ಹೆಸರು ಮುಚ್ಚಿಡಲಿಲ್ಲ.

ಕರೆಂಟಿನ ಸಂಘವನ್ನು ಇಷ್ಟು ವರ್ಷ ನಡೆಸಿದವರಿಗೆ ಹಳೆಯ ವಿದ್ಯಾರ್ಥಿಗಳ ಸಂಘ ನಡೆಸುವುದು ಕಷ್ಟವಾಗಬಾರದು. ಆದರೂ ಹೆಚ್ಚಿನ ಸಂಘಗಳು ಕಾಗದದ ಮೇಲಿವೆ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆ 2017ರ ತನ್ನ ಪರಿಷ್ಕೃತ ಚೌಕಟ್ಟಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಂಪರ್ಕಕ್ಕೂ ಅಂಕ ಇಟ್ಟಿತು. ಸಂಘ ನೋಂದಣಿಯಾಗಿದೆಯೇ, ಎಷ್ಟು ದೇಣಿಗೆ ಬಂದಿದೆ ಎಂದು ಕೇಳಿತು. ಸಮಿತಿ ಬರುವ ಆರು ತಿಂಗಳ ಮೊದಲು ಎಷ್ಟೋ ಕಾಲೇಜುಗಳಲ್ಲಿ ಸಂಘಗಳು ದಿಢೀರನೆ ಹುಟ್ಟಿಕೊಂಡವು. ಸಮಿತಿ ಹೋದ ಮೇಲೆ ಅವು ಮಲಗಿದವು. ನಾನು ಕಂಡ ಒಂದು ಕಾಲೇಜಿನಲ್ಲಿ ಸಮ್ಮೇಳನಕ್ಕೆ ನಾನೂರು ಜನ ಬಂದಿದ್ದರು, ಮಂಟಪ-ಊಟಕ್ಕೆ ಬಂದ ಹಣವೆಲ್ಲ ಖರ್ಚಾಯಿತು. ಸಂಜೆ ಯಾರು ಬಂದಿದ್ದರು ಎಂದು ಕೇಳಿದರೆ ಹೆಸರು ಬರೆದ ವಹಿಯೇ ಸಿಗಲಿಲ್ಲ. ಮುಂದಿನ ವರ್ಷ ಯಾರನ್ನು ಕರೆಯಬೇಕು?

ಹಿಂದಿನವರಿಂದ ಕಲಿಯಬೇಕಾದದ್ದು ಇಲ್ಲಿಯೇ. ಅವರು ಮೊದಲು ಪಟ್ಟಿ ಮಾಡಿದರು. ವರ್ಗಣಿಯ ಪಟ್ಟಿ, ಕೊಟ್ಟವನಿಗೆ ಪಾವತಿ, ವರ್ಷದ ಕೊನೆಗೆ ಅಚ್ಚಾದ ಜಮಾ-ಖರ್ಚು. ಹತ್ತು ರೂಪಾಯಿ ಕೊಟ್ಟವನ ಹೆಸರೂ ಅಚ್ಚಿನಲ್ಲಿ ಬರುತ್ತಿತ್ತು. ಅದನ್ನು ಅವನು ಮನೆಯಲ್ಲಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಎರಡನೆಯದಾಗಿ, ಏತಕ್ಕೆ ಎಂಬುದನ್ನು ಹೇಳಿ ಕೇಳುತ್ತಿದ್ದರು. 'ಕಾಲೇಜಿನ ಅಭಿವೃದ್ಧಿಗೆ' ಎಂದು ಕೇಳಿದರೆ ಯಾರ ಮನಸ್ಸೂ ಕರಗುವುದಿಲ್ಲ. 'ಮೂಡಲಗಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹತ್ತು ಹುಡುಗಿಯರ ಎರಡನೆಯ ಕಂತಿನ ಫೀಗೆ' ಎಂದು ಕೇಳಿ ನೋಡಿ. ಬಸ್ ಪಾಸು, ಪರೀಕ್ಷಾ ಫೀ, ಒಂದು ಜೊತೆ ಪುಸ್ತಕ, ಇಂಥ ಸಣ್ಣ ಮೊತ್ತಗಳೇ ಮಕ್ಕಳನ್ನು ಶಾಲೆ ಬಿಡಿಸುವುದು. ಸಾವಳಗಿಯ ಸ್ವಾಮಿಗಳು ಕೊಟ್ಟದ್ದೂ ಕಟ್ಟಡವಲ್ಲ, ಒಬ್ಬ ಹುಡುಗನ ಖರ್ಚು.

ಹಣ ಕೂಡಿಸುವಾಗ ಗಂಟನ್ನೂ ಖರ್ಚನ್ನೂ ಬೆರೆಸಬಾರದು. ಠೇವಣಿಗೆಂದು ಕೊಟ್ಟದ್ದು ಠೇವಣಿಯಲ್ಲೇ ಇರಬೇಕು, ಬಡ್ಡಿ ಮಾತ್ರ ಹುಡುಗರಿಗೆ. ಕಾಲೇಜಿನ ಖಾತೆ ಬೇರೆ, ಸಂಘದ ಖಾತೆ ಬೇರೆ. ಅಧ್ಯಕ್ಷರು ಆಡಳಿತ ಮಂಡಳಿಯವರೇ ಆಗಿದ್ದರೆ ದೂರದಲ್ಲಿರುವ ಹಳೆಯ ವಿದ್ಯಾರ್ಥಿಗೆ ತಾನು ಕೊಟ್ಟದ್ದು ಎಲ್ಲಿಗೆ ಹೋಯಿತೆಂಬ ಸಂಶಯ ಸಹಜ. ಇನ್ನು ವಿದೇಶದಲ್ಲಿರುವವರ ವಿಷಯ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಅಮೆರಿಕದ ಪೌರತ್ವ ಪಡೆದ ಮೇಲೆ ಅದೇ ಗೋಕಾಕದ ಹುಡುಗ ಕಾನೂನಿನ ಕಣ್ಣಿಗೆ ವಿದೇಶಿ. ಅವನಿಂದ ಪಡೆಯಲು 2010ರ ವಿದೇಶಿ ವಂತಿಗೆ ಕಾಯಿದೆಯಡಿ ಅನುಮತಿ ಬೇಕು. 2020ರ ತಿದ್ದುಪಡಿಯ ಬಳಿಕ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಉತ್ಸಾಹದಲ್ಲಿ ಇದನ್ನು ಮರೆತ ಸಣ್ಣ ಸಂಘಗಳು ತೊಂದರೆಗೆ 빠ಸಿಗಬಹುದು. ಮೊದಲೇ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಕೊನೆಗೆ, ಹಳೆಯ ವಿದ್ಯಾರ್ಥಿ ಎಂದರೆ ಯಾರು ಎಂಬ ಪ್ರಶ್ನೆ. ನಮ್ಮ ಕಡೆಯ ಪ್ರತಿ ಹಳೆಯ ಶಾಲೆಯ ಕಪಾಟಿನಲ್ಲೂ ದಪ್ಪ ರಟ್ಟಿನ ಜನರಲ್ ರಜಿಸ್ಟರ್ ಇರುತ್ತದೆ. ಹೆಸರು, ಊರು, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ, ಎಲ್ಲಕ್ಕೂ ಒಂದೊಂದು ಮನೆ. ಸಂಘ ಕಟ್ಟುವವರು ಸಾಮಾನ್ಯವಾಗಿ ಪಾಸಾದವರ ಹೆಸರನ್ನಷ್ಟೇ ಅದರಿಂದ ಎತ್ತಿ ಬರೆದುಕೊಳ್ಳುತ್ತಾರೆ, ಅದರಲ್ಲೂ ದೊಡ್ಡ ಹುದ್ದೆಗೆ ಹೋದವರದ್ದು. ಅದೇ ಸಾಲಿನಲ್ಲಿ ಇನ್ನೊಂದು ಮನೆ ಇದೆ: 'ಶಾಲೆ ಬಿಟ್ಟ ಕಾರಣ'. ಶಾಯಿ ಮಾಸಿದ್ದರೂ ಓದಲು ಬರುತ್ತದೆ. ಗೋಕಾಕದಲ್ಲಿ ಶಾಲೆ ಬಿಟ್ಟಿದ್ದ ಕಮ್ಮಾರರ ಹುಡುಗನ ಮುಂದೆ ಸ್ವಾಮಿಗಳು ಬಾರದೇ ಇದ್ದಿದ್ದರೆ, ಅವರ ಹೆಸರೂ ಆ ಮನೆಯೊಳಗೇ ಉಳಿದಿರುತ್ತಿತ್ತು. ಸಂಘದ ಮೊದಲ ಸಭೆಗೆ ಆ ರಜಿಸ್ಟರನ್ನು ಮೇಜಿನ ಮೇಲೆ ತರಿಸಿ, ಆ ಮನೆಯನ್ನೂ ಓದಿಸಬೇಕು.